ವೈರಿಯ ಪುಸ್ತಕದಲ್ಲಿ ಸಿಕ್ಕ ದೇವಯ್ಯ

ಕಳೆದ ವರ್ಷ, ಅಂದ್ರೆ 2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಅನ್ನೋ ಹಿಂದಿ ಸಿನಿಮಾ ಬಂತಲ್ಲ, ಆವಾಗಿನಿಂದ ಆಫೀಸಿನಲ್ಲಿ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ದಾರೆ. "ಇದು ನಿಜವಾಗ್ಲೂ ನಡೆದದ್ದಾ, ಇಲ್ಲಾ ಸಿನಿಮಾದವರ ಮಸಾಲೆನಾ?" ನನಗೆ ಹಳೇ ಯುದ್ಧವಿಮಾನಗಳ ಹುಚ್ಚು ಅಂತ ಅವರಿಗೆ ಗೊತ್ತು. ಟೀ ಬ್ರೇಕಿನಲ್ಲಿ ಎರಡು ನಿಮಿಷದಲ್ಲಿ ಹೇಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ನಡೆದದ್ದು ನಿಜ. ಆದರೆ ನಿಜ ಅಂತ ನಮಗೆ ಗೊತ್ತಾಗಿದ್ದು ಹೇಗೆ ಅನ್ನೋ ಕಥೆ ಇದೆಯಲ್ಲ, ಅದು ಸಿನಿಮಾಗಿಂತ ಚೆನ್ನಾಗಿದೆ.

ಸಿನಿಮಾದಲ್ಲಿ ಹೆಸರು ಬದಲಾಯಿಸಿದ್ದಾರೆ. ಅಸಲಿ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ಕೊಡಗಿನವರು. ಮಡಿಕೇರಿಗೆ ಹೋದವರು ಅವರ ಹೆಸರಿನ ವೃತ್ತವನ್ನು ನೋಡಿರುತ್ತೀರಿ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಹನ್ನೆರಡು ವಿಮಾನದ ತಂಡ, ನಾಯಕ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ದೇವಯ್ಯ ಆ ಹನ್ನೆರಡರಲ್ಲಿ ಇರಲೇ ಇಲ್ಲ, ಅವರು ಸ್ಟ್ಯಾಂಡ್‌ಬೈ. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕಾದವರು. ಹಾಗೇ ಆಯಿತು, ಹೋದರು. ತಂಡ ವಾಪಸ್ ಬಂದಾಗ ಅವರೊಬ್ಬರು ಬರಲಿಲ್ಲ.

ಆ ದಿನ ಭಾರತದ ಕಡೆ ಇದ್ದ ಮಾಹಿತಿ ಇಷ್ಟೇ: ಹೋದರು, ಬರಲಿಲ್ಲ. ಅರೆಬೆಳಕು, ನೆಲಕ್ಕೆ ಅಂಟಿಕೊಂಡ ಹಾಗೆ ಹಾರಾಟ, ರೇಡಿಯೋದಲ್ಲಿ ಮಾತಾಡೋ ಹಾಗಿಲ್ಲ. ಜೊತೆಗಿದ್ದವರು ಯಾರೂ ಅವರ ಕೊನೆಯನ್ನು ನೋಡಿಲ್ಲ. ನೆಲದ ತೋಪಿನ ಗುಂಡು ತಾಗಿತೋ, ಇಂಧನ ಮುಗಿಯಿತೋ, ದಾರಿ ತಪ್ಪಿತೋ, ಏನೂ ಗೊತ್ತಿಲ್ಲ. ಕಡತದಲ್ಲಿ 'ಕಾಣೆ' ಅಂತ ಬರೆದರು. ಮನೆಯವರಿಗೂ ಅದೇ ಪದ.

ಹದಿನಾಲ್ಕು ವರ್ಷ ಆದಮೇಲೆ, 1979ರಲ್ಲಿ, ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ವಿಮಾನಯಾನ ಪತ್ರಕರ್ತ 1965ರ ಆಕಾಶಯುದ್ಧದ ಬಗ್ಗೆ 'ಬ್ಯಾಟಲ್ ಫಾರ್ ಪಾಕಿಸ್ತಾನ್' ಅಂತ ಪುಸ್ತಕ ಬರೆದರು. ಪಾಕಿಸ್ತಾನದ ವಾಯುಪಡೆ ಅವರಿಗೆ ಬಾಗಿಲು ತೆರೆದು ಕೂರಿಸಿತ್ತು. ಹೆಸರೇ ಹೇಳುವಂತೆ ಪುಸ್ತಕದ ಒಲವು ಯಾವ ಕಡೆ ಅಂತ ಹೇಳಬೇಕಾಗಿಲ್ಲ. ಆ ಪುಸ್ತಕದಲ್ಲಿ ಒಂದು ಸಂಗತಿ ಇತ್ತು. ಸೆಪ್ಟೆಂಬರ್ 7ರ ಬೆಳಿಗ್ಗೆ ಸರ್ಗೋಧಾ ಬಳಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್ ಒಂದು ಭಾರತದ ಮಿಸ್ಟೀರ್ ಜೊತೆ ಕಾದಾಡಿ ಬಿದ್ದುಹೋಯಿತು, ಅಮ್ಜದ್ ಹೊರಗೆ ಹಾರಿ ಬದುಕಿದರು ಅಂತ.

ಸ್ಟಾರ್‌ಫೈಟರ್ ಅಂದ್ರೆ ಆ ಕಾಲಕ್ಕೆ ಏನು ಅಂತ ಸ್ವಲ್ಪ ಹೇಳಿಬಿಡ್ತೀನಿ. ಶಬ್ದದ ಎರಡು ಪಟ್ಟು ವೇಗದ ಅಮೆರಿಕದ ವಿಮಾನ. ಪಾಕಿಸ್ತಾನದ ಹತ್ತಿರ ಇದ್ದದ್ದೇ ಒಂದು ಡಜನ್. ಮಿಸ್ಟೀರ್ ಫ್ರಾನ್ಸಿನದು, ಮಟ್ಟಸವಾಗಿ ಹಾರುವಾಗ ಶಬ್ದದ ವೇಗವನ್ನೂ ದಾಟದ ಹಳೇ ತಲೆಮಾರು, ನೆಲದ ಗುರಿಗಳ ಮೇಲೆ ದಾಳಿಗೆ ಕಳಿಸುತ್ತಿದ್ದದ್ದು. ಸಾಲದ್ದಕ್ಕೆ ಅಮ್ಜದ್ ಮೊದಲು ಹೊಡೆದಿದ್ದರು. ಸೈಡ್‌ವೈಂಡರ್ ಕ್ಷಿಪಣಿ ಗುರಿ ತಪ್ಪಿತು, ಆಮೇಲೆ ಗುಂಡಿನ ಸುರಿಮಳೆ. ಮಿಸ್ಟೀರಿನ ಕಥೆ ಮುಗೀತು ಅಂತ ಅವರು ಬೇರೆ ವಿಮಾನದ ಕಡೆ ತಿರುಗಿದರು. ಪೆಟ್ಟು ತಿಂದ ಆ ಮಿಸ್ಟೀರ್ ಮನೆ ಕಡೆ ಓಡದೆ ತಿರುಗಿ ಬಂತು. ಅಮ್ಜದ್ ವೇಗ ತಗ್ಗಿಸಿ ಅದರ ಜೊತೆ ತಿರುಗುತ್ತಾ ಕಾದಾಡಲು ಇಳಿದರು, ಸ್ಟಾರ್‌ಫೈಟರಿಗೆ ಒಗ್ಗದ ಆಟ ಅದು.

ಫ್ರಿಕರ್ ಪುಸ್ತಕದಲ್ಲಿ ಮಿಸ್ಟೀರ್ ಪೈಲಟ್ಟಿನ ಹೆಸರಿಲ್ಲ. ಅವರಿಗೆ ಗೊತ್ತಿರಲು ಸಾಧ್ಯವೂ ಇರಲಿಲ್ಲ. ಹೆಸರು ಇದ್ದದ್ದು ನಮ್ಮ ಕಡತದಲ್ಲಿ! ಆ ಬೆಳಗಿನ ಆ ದಾಳಿಯಲ್ಲಿ ವಾಪಸ್ ಬಾರದ ಮಿಸ್ಟೀರ್ ಒಂದೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಎರಡು ಬೇರೆ ಬೇರೆ ಟೇಬಲ್, ಎರಡೂ ಅಪೂರ್ಣ. ಒಂದರಲ್ಲಿ ಘಟನೆ ಇದೆ, ಹೆಸರಿಲ್ಲ. ಇನ್ನೊಂದರಲ್ಲಿ ಹೆಸರಿದೆ, ಘಟನೆ ಇಲ್ಲ. ದಿನಾಂಕ ಮತ್ತು ಜಾಗ ಇಟ್ಟುಕೊಂಡು ಜಾಯಿನ್ ಮಾಡಿದರೆ ಬರುವ ಸಾಲು ಒಂದೇ, ದೇವಯ್ಯ. ತನೇಜಾ ಈ ವಿಷಯದ ಬೆನ್ನು ಹತ್ತಿದರು, ವಾಯುಪಡೆ ಪರಿಶೀಲಿಸಿತು, ಮತ್ತೂ ವರ್ಷಗಳು ಉರುಳಿದವು. 1988ರಲ್ಲಿ, ಅಂದರೆ ಅವರು ಸತ್ತು ಇಪ್ಪತ್ಮೂರು ವರ್ಷಕ್ಕೆ, ಮರಣೋತ್ತರ ಮಹಾವೀರ ಚಕ್ರ ಬಂತು. ದೇವಯ್ಯ ಅವರ ಪತ್ನಿ ಅದನ್ನು ಸ್ವೀಕರಿಸಿದರು.

ಇಲ್ಲಿಗೆ ಎಲ್ಲರೂ ಕಥೆ ಮುಗಿಸುತ್ತಾರೆ. ನನಗೆ ಕುತೂಹಲ ಶುರುವಾಗೋದೇ ಇಲ್ಲಿಂದ. ಪಾಕಿಸ್ತಾನದ ಕಡೆ ವಾಲಿರುವ ಪುಸ್ತಕವನ್ನು ನಾವು ಈ ವಿಷಯದಲ್ಲಿ ಯಾಕೆ ನಂಬಿದೆವು? ನಮಗೆ ಬೇಕಾದ್ದು ಹೇಳಿದೆ ಅಂತಲಾ?

ಅದೇ ಪುಸ್ತಕದ ಇನ್ನೊಂದು ಕಥೆ ತಗೊಳ್ಳಿ. ಅದೇ ದಿನ, ಅದೇ ಸರ್ಗೋಧಾ. ಪಾಕಿಸ್ತಾನದ ಎಂ.ಎಂ. ಆಲಂ ತಮ್ಮ ಸೇಬರ್ ವಿಮಾನದಿಂದ ಒಂದು ನಿಮಿಷದೊಳಗೆ ಐದು ಭಾರತೀಯ ಹಂಟರ್‌ಗಳನ್ನು ಉರುಳಿಸಿದರು ಅಂತ. ಪಾಕಿಸ್ತಾನದಲ್ಲಿ ಇದು ಶಾಲಾಮಕ್ಕಳ ಬಾಯಲ್ಲೂ ಇರುವ ಕಥೆ. ನಮ್ಮ ಕಡೆಯ ಲೆಕ್ಕ ನೋಡಿ. ಅವತ್ತು ಸರ್ಗೋಧಾ ಕಡೆ ಹೋಗಿ ಬಾರದ ಹಂಟರ್‌ಗಳು ಮೂರು. 7ನೇ ಸ್ಕ್ವಾಡ್ರನ್ನಿನ ಭಾಗವತ್ ಮತ್ತು ಬ್ರಾರ್ ಸತ್ತರು, 27ನೇ ಸ್ಕ್ವಾಡ್ರನ್ನಿನ ಕಕ್ಕರ್ ಸೆರೆಸಿಕ್ಕರು. ಮೂರನೆಯದಕ್ಕೆ ಇಂಜಿನ್ ಕೈಕೊಟ್ಟಿತ್ತು ಅನ್ನೋದು ನಮ್ಮ ಕಡೆಯ ಮಾತು. ಅದನ್ನೂ ಆಲಂ ಖಾತೆಗೇ ಹಾಕಿ ಬೇಕಾದರೆ, ಐದಂತೂ ಆಗಲ್ಲ. ಉಳಿದ ಎರಡು ವಿಮಾನ, ಎರಡು ಪೈಲಟ್ ಎಲ್ಲಿಂದ ತರೋದು? ಸತ್ತ ಪೈಲಟ್ಟನ್ನು ಯಾವ ವಾಯುಪಡೆಯೂ ಬಚ್ಚಿಡೋಕೆ ಆಗಲ್ಲ. ಅವನಿಗೊಂದು ಮನೆ ಇರುತ್ತೆ, ಪಿಂಚಣಿ ಕಡತ ಇರುತ್ತೆ, ಊರಿನಲ್ಲಿ ಒಂದು ಫೋಟೋ ಹಾರ ಹಾಕಿಕೊಂಡಿರುತ್ತೆ. ಇದು ಬರೀ ನಮ್ಮವರ ವಾದ ಅಲ್ಲ. ಪಾಕಿಸ್ತಾನದ್ದೇ ಯುದ್ಧವೀರ, ನಿವೃತ್ತ ಏರ್ ಕಮೊಡೋರ್ ಸಜ್ಜಾದ್ ಹೈದರ್, ತಮ್ಮ 'ಫ್ಲೈಟ್ ಆಫ್ ದ ಫಾಲ್ಕನ್' ಆತ್ಮಕಥೆಯಲ್ಲಿ ಆಲಂ ಲೆಕ್ಕವನ್ನು ಪ್ರಶ್ನಿಸಿದ್ದಾರೆ.

ಅಂದರೆ ಒಂದೇ ಪುಸ್ತಕ, ಒಂದೇ ದಿನ. ಒಂದು ಕಥೆ ನಂಬುವಂಥದ್ದು, ಇನ್ನೊಂದು ಅಲ್ಲ. ಆಧಾರಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ 'ಆ ಪುಸ್ತಕ ಸರಿಯಿಲ್ಲ', 'ಈ ಲೇಖಕ ನಂಬಿಗಸ್ತ' ಅಂತ ಇಡಿಯಾಗಿ ಹಣೆಪಟ್ಟಿ ಹಚ್ಚುತ್ತೇವೆ. ನನ್ನ ಪ್ರಕಾರ ಅದು ಕೆಲಸಕ್ಕೆ ಬರಲ್ಲ. ಒಂದೊಂದು ವಾಕ್ಯವನ್ನೂ ಎತ್ತಿ ಕೇಳಬೇಕು: ಇದನ್ನು ಹೇಳೋದರಿಂದ ಹೇಳುವವನಿಗೆ ಲಾಭವೋ ನಷ್ಟವೋ? ತಾನು ಬೇರೆಯವರ ಎಷ್ಟು ವಿಮಾನ ಹೊಡೆದೆ ಅನ್ನೋದು ಲಾಭದ ಮಾತು. ತನ್ನ ಒಂದು ಡಜನ್ ಅಮೂಲ್ಯ ವಿಮಾನದಲ್ಲಿ ಒಂದನ್ನು ಹಳೇ ಮಿಸ್ಟೀರ್ ಹೊಡೆದು ಹಾಕಿತು ಅನ್ನೋದು ನಷ್ಟದ ಮಾತು. ಆ ವಿಮಾನ ತನ್ನ ಗುಂಡಿಗೆ ಸಿಡಿದ ಮಿಸ್ಟೀರಿನ ಚೂರು ತಾಗಿ ಬಿತ್ತು ಅನ್ನೋ ಕಥೆಯೂ ಪಾಕಿಸ್ತಾನದಲ್ಲಿ ಓಡಾಡಿತ್ತು. ಮಾನ ಉಳಿಸೋಕೆ ಅದು ಎಷ್ಟು ಅನುಕೂಲ ನೋಡಿ! ಆ ಅನುಕೂಲದ ಕಥೆ ಕೈಯಲ್ಲಿದ್ದೂ ಅದನ್ನು ಬಿಟ್ಟು ನಷ್ಟದ ಕಥೆಯನ್ನೇ ಅಚ್ಚು ಹಾಕಿದ್ದಾರೆ ಅಂದರೆ ತೂಕ ಜಾಸ್ತಿ.

ಇದೇ ಅಳತೆಗೋಲನ್ನು ನಮ್ಮ ಕಡೆಗೂ ಹಿಡಿಯಬೇಕಲ್ಲ. ಇಲ್ಲಿ ಕೆಲವರಿಗೆ ಬೇಜಾರಾಗಬಹುದು, ಆದರೂ ಹೇಳ್ತೀನಿ. 1965ರ ಸೆಪ್ಟೆಂಬರ್ 3, ಛಾಂಬ್ ವಲಯ. ನ್ಯಾಟ್ ವಿಮಾನದ ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ಒಂದು ಸೇಬರ್ ಉರುಳಿಸಿದರು ಅಂತ ಘೋಷಣೆಯಾಯಿತು, ವೀರ ಚಕ್ರವೂ ಬಂತು. ಭಾರತೀಯ ವಾಯುಪಡೆಯ ಮೊದಲ ಜೆಟ್ ಬೇಟೆ ಅಂತ ಇವತ್ತಿಗೂ ಬರೆಯುತ್ತಾರೆ. ಪಾಕಿಸ್ತಾನದ ಕಡೆಯ ವಿವರ ಏನಂದರೆ, ಆ ಸೇಬರಿನ ಪೈಲಟ್ ಯೂಸುಫ್ ಅಲಿ ಖಾನ್, ವಿಮಾನ ಜರ್ಜರಿತವಾಗಿದ್ದರೂ ಹೇಗೋ ವಾಪಸ್ ತಂದು ಇಳಿಸಿದರು ಅಂತ. ಪೈಲಟ್ಟಿನ ಹೆಸರು ಕೊಡ್ತಾರೆ, ವಿಮಾನಕ್ಕೆ ಆದ ಗಾಯ ಒಪ್ಪಿಕೊಳ್ತಾರೆ. ಪೂರ್ತಿ ನಿರಾಕರಣೆ ಆಗಿದ್ದರೆ ನಾನು ಅನುಮಾನ ಪಡುತ್ತಿದ್ದೆ. ಅರ್ಧ ಒಪ್ಪಿಕೊಂಡಿದ್ದಾರೆ ಅನ್ನೋದಕ್ಕೇ ನನಗೆ ಅವರ ಮಾತು ಇಲ್ಲಿ ಸರಿ ಅನ್ನಿಸುತ್ತೆ. ಕೀಲರ್ ಗುಂಡು ತಾಗಿದ್ದು ನಿಜ, ಆ ಸೇಬರ್ ಬೀಳಲಿಲ್ಲ. ಇದರಿಂದ ಕೀಲರ್ ಅವರ ಧೈರ್ಯ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲ್ಲ.

ಅದೇ ದಿನ ಅದೇ ಕಡೆ ಹೋದ ಇನ್ನೊಂದು ನ್ಯಾಟ್ ಪಾಕಿಸ್ತಾನದ ಪಸ್ರೂರ್ ಅನ್ನೋ ಜಾಗದಲ್ಲಿ ಇಳಿದುಬಿಟ್ಟಿತು. ಆ ವಿಮಾನ ಈಗಲೂ ಕರಾಚಿಯ ವಾಯುಪಡೆ ಮ್ಯೂಸಿಯಂನಲ್ಲಿದೆ. (ನ್ಯಾಟ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ಜಾತಿ ಅನ್ನೋದು ನೆನಪಿರಲಿ.) ಸ್ಟಾರ್‌ಫೈಟರ್ ಕಂಡು ಹೆದರಿ ಶರಣಾಯಿತು ಅಂತ ಅವರು, ವಿಮಾನಕ್ಕೆ ತೊಂದರೆಯಾಗಿ ದಾರಿ ತಪ್ಪಿ ಇಳಿದದ್ದು ಅಂತ ನಮ್ಮವರು. ವಸ್ತು ಕಣ್ಣೆದುರಿಗೇ ಇದ್ದರೂ ಅದು ಹೇಳೋದು 'ಇಳಿಯಿತು' ಅಂತ ಮಾತ್ರ. ಯಾಕೆ ಇಳಿಯಿತು ಅನ್ನೋದು ಮ್ಯೂಸಿಯಂನ ಬೋರ್ಡಿನ ಮಾತು, ವಿಮಾನದ್ದಲ್ಲ.

ಹಾಗಾದರೆ ಪೈಲಟ್ಟುಗಳೆಲ್ಲ ಸುಳ್ಳುಗಾರರಾ? ಅಲ್ಲವೇ ಅಲ್ಲ. ಆಕಾಶದ ಕಾಳಗ ಸೆಕೆಂಡುಗಳ ವ್ಯವಹಾರ. ಒಂದೇ ವಿಮಾನಕ್ಕೆ ಇಬ್ಬರು ಗುಂಡು ಹೊಡೆದಿರುತ್ತಾರೆ, ಇಬ್ಬರೂ ಪ್ರಾಮಾಣಿಕವಾಗಿ 'ನಾನೇ ಹೊಡೆದೆ' ಅಂತಾರೆ. ಹೊಗೆ ಬಿಡುತ್ತಾ ಮೋಡದೊಳಗೆ ಇಳಿದದ್ದು ಬಿತ್ತು ಅಂತ ಲೆಕ್ಕ. ಅದು ಬೀಳದೆ ಪೂರ್ತಿ ವೇಗದಲ್ಲಿ ತಪ್ಪಿಸಿಕೊಳ್ಳುತ್ತಾ ಹೊಗೆ ಕಾರಿರಬಹುದು. ಗನ್ ಕ್ಯಾಮೆರಾ ಇರುತ್ತೆ ನಿಜ, ಅದು ಗುಂಡು ತಾಗಿದ್ದನ್ನು ತೋರಿಸುತ್ತೆ, ಆಮೇಲೆ ಏನಾಯಿತು ಅಂತ ತೋರಿಸಲ್ಲ. ಹೊಡೆದವನೇ ವಾಪಸ್ ಬಾರದಿದ್ದರೆ ಆ ಕ್ಯಾಮೆರಾವೂ ಬರಲ್ಲ. ದೇವಯ್ಯ ಅವರ ವಿಷಯದಲ್ಲಿ ಆದದ್ದು ಅದೇ.

ಇದಕ್ಕೆ ಎಲ್ಲರೂ ಕೊಡುವ ದೊಡ್ಡ ಉದಾಹರಣೆ 1940ರ ಸೆಪ್ಟೆಂಬರ್ 15. ಬ್ರಿಟನ್ ಕದನದ ಆ ಒಂದು ದಿನ 185 ಜರ್ಮನ್ ವಿಮಾನ ಉರುಳಿಸಿದೆವು ಅಂತ ಬ್ರಿಟನ್ ಸಾರಿತು. ಯುದ್ಧ ಮುಗಿದ ಮೇಲೆ ಜರ್ಮನಿಯ ಕಡತ ತೆಗೆದು ನೋಡಿದರೆ ಸುಮಾರು 60! ಜರ್ಮನರ ಲೆಕ್ಕವನ್ನು ಯಾಕೆ ನಂಬಬೇಕು ಅಂದರೆ, ಅದು ಪತ್ರಿಕೆಗೆ ಕೊಟ್ಟದ್ದಲ್ಲ. ಅವರ ಸರಬರಾಜು ವಿಭಾಗದವರು ತಮಗಾಗಿ ಇಟ್ಟುಕೊಂಡದ್ದು. ಎಷ್ಟು ವಿಮಾನ ಹೋಯಿತು ಅಂತ ಸರಿಯಾಗಿ ಬರೆಯದಿದ್ದರೆ ಬದಲಿ ವಿಮಾನ ಸಿಗಲ್ಲ. ನಮ್ಮಲ್ಲಿ ಸ್ಟೋರ್ ಕೀಪರಿಗೆ ಇಂಡೆಂಟ್ ಹಾಕ್ತೀವಲ್ಲ, ಆ ಥರ. ಮಂತ್ರಿಯ ಭಾಷಣಕ್ಕಿಂತ ಉಗ್ರಾಣದ ಚೀಟಿ ಮೇಲೆ ನನಗೆ ನಂಬಿಕೆ ಹೆಚ್ಚು.

ಈ ಬ್ರಿಟನ್ ಕದನಕ್ಕೂ ನಮ್ಮ ರಾಯಚೂರಿಗೂ ಒಂದು ಸಣ್ಣ ನೂಲಿನ ನಂಟಿದೆ. ನನ್ನೂರು ದೇವದುರ್ಗದ ಹತ್ತಿರದ ಅರಕೇರಾ. 1948ರ ತನಕ ನಮ್ಮ ಕಡೆ ಎಲ್ಲ ನಿಜಾಮನ ರಾಜ್ಯ. ಬ್ರಿಟನ್ ಕದನದಲ್ಲಿ ಹೋರಾಡಿದ ಸ್ಕ್ವಾಡ್ರನ್‌ಗಳಲ್ಲಿ 152ನೆಯದರ ಹೆಸರು 'ಹೈದರಾಬಾದ್', 253ನೆಯದು 'ಹೈದರಾಬಾದ್ ಸ್ಟೇಟ್'. ನಿಜಾಮ ಕೊಟ್ಟ ದುಡ್ಡಿನ ಋಣಕ್ಕೆ ಇಟ್ಟ ಹೆಸರುಗಳು. ಅದಕ್ಕೂ ಹಿಂದೆ 1918ರಲ್ಲಿ 110ನೇ ಸ್ಕ್ವಾಡ್ರನ್ನಿಗೆ ಡಿಎಚ್-9ಎ ಬಾಂಬರ್ ವಿಮಾನಗಳನ್ನೇ ಕಾಣಿಕೆಯಾಗಿ ಕೊಟ್ಟಿದ್ದ, ಅವುಗಳ ಮೈಮೇಲೆ ನಿಜಾಮನ ಹೆಸರು ಬರೆದಿತ್ತು. ಅದರಲ್ಲಿ ಒಂದು, ಎಫ್-1010 ಅನ್ನೋದು, 1918ರ ಅಕ್ಟೋಬರ್ 5ರಂದು ಜರ್ಮನರ ಕೈಗೆ ಸಿಕ್ಕಿ, ಬರ್ಲಿನ್ನಿನಲ್ಲಿ ಪ್ರದರ್ಶನಕ್ಕೆ ನಿಂತು, ಎರಡನೇ ಮಹಾಯುದ್ಧದಲ್ಲಿ ಪೋಲೆಂಡ್ ಸೇರಿತು. 1977ರಲ್ಲಿ ಬ್ರಿಟಿಷರು ಬದಲಿಗೆ ಒಂದು ಸ್ಪಿಟ್‌ಫೈರ್ ಕೊಟ್ಟು ಅದನ್ನು ಲಂಡನ್ನಿನ ಮ್ಯೂಸಿಯಂಗೆ ತಂದರು. ವೈರಿ ಇಟ್ಟುಕೊಂಡಿದ್ದರಿಂದಲೇ ಉಳಿಯಿತು! ನಮ್ಮ ಕಡೆಯ ಜೋಳ-ಹತ್ತಿ ಬೆಳೆದವರ ಕಂದಾಯದ ನಾಲ್ಕು ಕಾಸು ಆ ರೆಕ್ಕೆಯಲ್ಲೂ ಇರಬೇಕು ಅಂತ ನಾನು ಸುಮ್ಮನೆ ಅಂದುಕೊಳ್ತೀನಿ. ಇದಕ್ಕೆ ಮಾತ್ರ ಆಧಾರ ಕೇಳಬೇಡಿ :-)

ಬಾಯಿಮಾತಿನ ಸಾಕ್ಷಿ ಬಗ್ಗೆಯೂ ಹೇಳಬೇಕು, ಯಾಕೆಂದರೆ ಯುದ್ಧವಿಮಾನದ ಇತಿಹಾಸ ನನಗೆ ಮೊದಲು ಕಿವಿಗೆ ಬಿದ್ದದ್ದು ಪುಸ್ತಕದಿಂದ ಅಲ್ಲ, ಅಜ್ಜಿಯಿಂದ. 1948ರ ಪೊಲೀಸ್ ಆಕ್ಷನ್ನಿನಲ್ಲಿ ಅಜ್ಜಿಗೆ ಹತ್ತು ವರ್ಷ ಇರಬೇಕು. "ಗಣಪತಿ ಕಳಿಸಿ ನಾಕೈದು ದಿನ ಆಗಿತ್ತು ನೋಡಪಾ, ಇಮಾನ ಗುಂಯ್ ಅಂತ ಬಂದ್ವು" ಅಂತ ಶುರು ಮಾಡ್ತಾಳೆ. ಪಂಚಾಂಗ ಲೆಕ್ಕ ಹಾಕಿದರೆ ಆ ವರ್ಷ ಚೌತಿ ಬಂದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ, ಭಾರತದ ಸೇನೆ ಒಳಗೆ ಬಂದದ್ದು 13ಕ್ಕೆ. ಎಪ್ಪತ್ತು ವರ್ಷ ಆದಮೇಲೂ ತಾರೀಕು ಬಹಳ ಹತ್ತಿರ! ಆದರೆ ವಿಮಾನ ಎಷ್ಟು ಅಂದರೆ ಒಮ್ಮೆ ಮೂರು ನಾಕು, ಇನ್ನೊಮ್ಮೆ ನೂರು. ಹಬ್ಬಕ್ಕೆ ಕಟ್ಟಿಹಾಕಿದ ನೆನಪು ಗಟ್ಟಿ ನಿಲ್ಲುತ್ತೆ, ಅಂಕಿಗೆ ಗೂಟ ಇಲ್ಲ. ಬೀದರ್ ವಿಮಾನ ನಿಲ್ದಾಣಕ್ಕೆ ಬಾಂಬು ಹಾಕಿದ್ದನ್ನೂ ಕಣ್ಣಾರೆ ಕಂಡ ಹಾಗೇ ಹೇಳ್ತಾಳೆ. ಬಾಂಬು ಹಾಕಿದ್ದು ನಿಜ, ಆದರೆ ಅರಕೇರಾದಿಂದ ಬೀದರ್ ಕಾಣೋಕೆ ಎಷ್ಟು ದೊಡ್ಡ ಕಣ್ಣು ಬೇಕು? ಅದು ಆಮೇಲೆ ಯಾರೋ ಹೇಳಿದ್ದು ಅವಳ ನೆನಪಿನೊಳಗೆ ಬಂದು ಕೂತಿದೆ. ಹಾಗಂತ ಅಜ್ಜಿ ಸುಳ್ಳಿ ಅಲ್ಲ. ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಕೇಳುವವನು ಬಿಡಿಸಿಕೊಳ್ಳಬೇಕು.

ಬೀದರಿನ ಆ ನಿಲ್ದಾಣಕ್ಕೆ ಯಾಕೆ ಬಾಂಬು ಬಿತ್ತು ಗೊತ್ತಲ್ಲ? ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರಿ ಹೊತ್ತು ನಿಜಾಮನಿಗೆ ಬಂದೂಕು ಸಾಗಿಸುತ್ತಿದ್ದ. ಆತನ ಜೀವನಕಥೆ 1969ರಲ್ಲಿ ಪುಸ್ತಕವಾಗಿ ಬಂದಿದೆ. ಅದರಲ್ಲೂ ಇದೇ ಅಳತೆ ಹಿಡಿಯಬಹುದು. ಬಂದೂಕು ಸಾಗಿಸಿದೆ ಅನ್ನೋದು ತಪ್ಪೊಪ್ಪಿಗೆ, ನಂಬಬಹುದು. ತನ್ನ ಸಾಹಸದ ವರ್ಣನೆ ಬಂದಾಗ ಸ್ವಲ್ಪ ಉಪ್ಪು ಕಮ್ಮಿ ಮಾಡಿಕೊಂಡು ಓದಬೇಕು.

ಮತ್ತೆ ದೇವಯ್ಯ ಅವರ ಕಡೆ ಬರೋಣ. ಪ್ರತಿ ಸೆಪ್ಟೆಂಬರಿನಲ್ಲಿ ಅವರ ಬಗ್ಗೆ ಬರಹಗಳು ಬರುತ್ತವೆ, ಸಂತೋಷ. ಆದರೆ ಕೆಲವದರಲ್ಲಿ ಕಾಕ್‌ಪಿಟ್ಟಿನಲ್ಲಿ ಅವರು ಹಲ್ಲು ಕಚ್ಚಿದ್ದು, ಮನೆಯನ್ನು ನೆನೆದದ್ದು, ರೇಡಿಯೋದಲ್ಲಿ ಆಡಿದ ಕೊನೆಯ ಮಾತು ಎಲ್ಲ ಇರುತ್ತೆ. ಇದನ್ನೆಲ್ಲ ನೋಡಿದವರು, ಕೇಳಿದವರು ಯಾರು? ಆ ಕಾಳಗದ ಹತ್ತಿರದ ಸಾಕ್ಷಿಗಳು ಇಬ್ಬರೇ. ಒಬ್ಬರು ಅಲ್ಲೇ ಸತ್ತರು. ಇನ್ನೊಬ್ಬರು ಪ್ಯಾರಾಚೂಟಿನಲ್ಲಿ ಇಳಿದ ಅಮ್ಜದ್ ಹುಸೇನ್. ಅವರ ಕಡೆಯಿಂದ ಬಂದದ್ದಕ್ಕಿಂತ ಒಂದು ಸಾಲು ಹೆಚ್ಚಿಗೆ ಇದ್ದರೂ ಅದು ಬರೆದವರ ಕಲ್ಪನೆ. ಕಲ್ಪನೆ ಸೇರಿಸಿದರೆ ಗೌರವ ಹೆಚ್ಚುತ್ತೆ ಅಂದುಕೊಳ್ತಾರೆ. ನನಗೆ ಉಲ್ಟಾ ಅನ್ನಿಸುತ್ತೆ. ಇಪ್ಪತ್ಮೂರು ವರ್ಷ ಕಾದು ವೈರಿಯ ಒಪ್ಪಿಗೆಯಿಂದ ದಕ್ಕಿದ ಸತ್ಯಕ್ಕೆ ಬಣ್ಣ ಬಳಿದರೆ, ನಾಳೆ ಯಾರಾದರೂ ಬಣ್ಣ ಕೆರೆದು ತೋರಿಸಿ ಒಳಗಿರುವುದೂ ಸುಳ್ಳು ಅಂದುಬಿಡ್ತಾರೆ. ಇಷ್ಟಾಗಿ ಬಣ್ಣ ಬೇಕಾಗೂ ಇಲ್ಲ. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಎರಡೂ ಕಡೆಯ ದಾಖಲೆ, ಮಾತು ಕೂಡಿಸಿ 2005ರಲ್ಲಿ 1965ರ ಆಕಾಶಯುದ್ಧದ ಬಗ್ಗೆ ಬರೆದ ಪುಸ್ತಕ ಓದಿ ನೋಡಿ, ಒಣ ವಿವರದಲ್ಲೇ ಮೈ ಜುಂ ಅನ್ನುತ್ತೆ.

ಕೊನೆಗೊಂದು ವಿಷಯ, ನನಗೆ ತಲೆಯಿಂದ ಹೋಗದೇ ಇರೋದು. 1971ರ ಡಿಸೆಂಬರ್ 5ರಂದು ಅಮೃತಸರದ ರಾಡಾರ್ ಮೇಲೆ ದಾಳಿಗೆ ಬಂದ ಪಾಕಿಸ್ತಾನದ ಒಂದು ಸ್ಟಾರ್‌ಫೈಟರನ್ನು ನಮ್ಮ ನೆಲದ ತೋಪಿನವರು ಹೊಡೆದರು. ಪೈಲಟ್ ಹೊರಗೆ ಹಾರಿ ಸೆರೆಸಿಕ್ಕರು. ಅವರು ಇದೇ ಅಮ್ಜದ್ ಹುಸೇನ್. ದೇವಯ್ಯ ಅವರ ಕೊನೆಯ ನಿಮಿಷಗಳನ್ನು ಬಲ್ಲ ಏಕೈಕ ಮನುಷ್ಯ ಯುದ್ಧಖೈದಿಯಾಗಿ ನಮ್ಮ ನೆಲದಲ್ಲೇ ಇದ್ದರು. ಫ್ರಿಕರ್ ಪುಸ್ತಕ ಬರೋಕೆ ಇನ್ನೂ ಎಂಟು ವರ್ಷ ಇತ್ತು. ನಮ್ಮ ಕಡತದಲ್ಲಿ ದೇವಯ್ಯ ಆಗಲೂ ಕಾಣೆ.